ವಸಡುರೋಗದ ಬ್ಯಾಕ್ಟೀರಿಯಾ ಪತ್ತೆ ಪರೀಕ್ಷೆ

ವಸಡುರೋಗದ ಬ್ಯಾಕ್ಟೀರಿಯಾ ಪತ್ತೆ ಪರೀಕ್ಷೆ ಎಂಬುದು ಹಲ್ಲಿನ ಸುತ್ತಲಿನ ಅಂಗಾಂಶ ಮತ್ತು ಮೂಳೆಯನ್ನು ನಾಶಪಡಿಸುವ ರೋಗದೊಂದಿಗೆ ಸಂಬಂಧವಿರುವ ಬ್ಯಾಕ್ಟೀರಿಯಾಗಳನ್ನು ಗುರುತಿಸುವ ಪ್ರಯೋಗಾಲಯ ಪರೀಕ್ಷೆಗಳ ಸಮೂಹವಾಗಿದೆ. ವಸಡಿನ ಕೆಳಭಾಗದ ಪಾಚಿಯನ್ನು ಅಥವಾ ಲಾಲಾರಸವನ್ನು ಮಾದರಿಯಾಗಿ ತೆಗೆದುಕೊಂಡು ಸೂಕ್ಷ್ಮದರ್ಶಕ ಪರೀಕ್ಷೆ, ಬ್ಯಾಕ್ಟೀರಿಯಾ ಕೃಷಿ, ಕಿಣ್ವ ಪರೀಕ್ಷೆ, ಪ್ರತಿಕಾಯ ಆಧಾರಿತ ಪರೀಕ್ಷೆ ಹಾಗೂ ಪಿಸಿಆರ್ ಮುಂತಾದ ಡಿಎನ್‌ಎ ವಿಧಾನಗಳಿಂದ ಇದನ್ನು ನಡೆಸಲಾಗುತ್ತದೆ.

ಈ ಪರೀಕ್ಷೆಯು ರೋಗವನ್ನು ನೇರವಾಗಿ ನಿರ್ಣಯಿಸುವುದಿಲ್ಲ. ರೋಗಕ್ಕೆ ಸಂಬಂಧಿಸಿದ ಬ್ಯಾಕ್ಟೀರಿಯಾಗಳು ಆರೋಗ್ಯವಂತರ ಬಾಯಿಯಲ್ಲಿಯೂ ಕಡಿಮೆ ಪ್ರಮಾಣದಲ್ಲಿ ಇರಬಹುದು. ಆದ್ದರಿಂದ ವಸಡಿನ ಆಳವನ್ನು ಅಳೆಯುವುದು, ರಕ್ತಸ್ರಾವವನ್ನು ಗಮನಿಸುವುದು ಮತ್ತು ಎಕ್ಸ್-ರೇ ಮೂಲಕ ಮೂಳೆಯ ಸ್ಥಿತಿಯನ್ನು ನೋಡುವುದು ರೋಗನಿರ್ಣಯದ ಮುಖ್ಯ ಆಧಾರಗಳಾಗಿ ಉಳಿದಿವೆ. ಸಾಮಾನ್ಯ ಚಿಕಿತ್ಸೆಗೆ ಸ್ಪಂದಿಸದ ರೋಗಿಗಳಲ್ಲಿ, ಪ್ರತಿಜೀವಕದ ಆಯ್ಕೆಯಲ್ಲಿ ಮತ್ತು ಸಂಶೋಧನೆಯಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಪೂರಕವಾಗಿ ಬಳಕೆಯಾಗುತ್ತದೆ. ಕರ್ನಾಟಕದಲ್ಲಿ ಈ ಕ್ಷೇತ್ರದ ಪ್ರಯೋಗಾಲಯ ಕಾರ್ಯಕ್ಕೆ ಹೆಸರಾದ ನಗರಗಳಲ್ಲಿ ಬೆಳಗಾವಿಯೂ ಒಂದು.

## ರೋಗದ ಹಿನ್ನೆಲೆ

ಹಲ್ಲಿನ ಮೇಲೆ ದಿನನಿತ್ಯ ಕೂಡುವ ಮೃದುವಾದ, ಅಂಟಾದ ಪದರವನ್ನು ಪಾಚಿ ಅಥವಾ ಪ್ಲಾಕ್ ಎನ್ನುತ್ತಾರೆ. ಇದು ಬ್ಯಾಕ್ಟೀರಿಯಾಗಳ ಸಂಘಟಿತ ಸಮುದಾಯ. ಉಜ್ಜಿ ತೆಗೆಯದಿದ್ದರೆ ಇದು ಲಾಲಾರಸದಲ್ಲಿನ ಖನಿಜಗಳನ್ನು ಹೀರಿ ಗಾರೆಯಂತೆ ಗಟ್ಟಿಯಾಗುತ್ತದೆ. ಪಾಚಿಯಿಂದ ವಸಡು ಕೆಂಪಾಗಿ ಊದಿಕೊಂಡು, ಉಜ್ಜುವಾಗ ರಕ್ತ ಬರುವ ಹಂತವನ್ನು ಜಿಂಜಿವೈಟಿಸ್ ಎಂದು ಕರೆಯಲಾಗುತ್ತದೆ. ಈ ಹಂತದಲ್ಲಿ ಸ್ವಚ್ಛತೆಯಿಂದ ವಸಡು ಪೂರ್ವಸ್ಥಿತಿಗೆ ಮರಳಬಲ್ಲದು.

ಉರಿಯೂತ ಆಳಕ್ಕಿಳಿದು, ಹಲ್ಲನ್ನು ಮೂಳೆಗೆ ಬಂಧಿಸುವ ನಾರುಗಳು ಮತ್ತು ಮೂಳೆ ಕರಗಲಾರಂಭಿಸಿದಾಗ ಅದನ್ನು ಪೆರಿಯೊಡಾಂಟೈಟಿಸ್ ಎನ್ನುತ್ತಾರೆ. ಆಗ ಹಲ್ಲು ಮತ್ತು ವಸಡಿನ ನಡುವಿನ ಸಂದು ಆಳವಾಗಿ ‘ಪಾಕೆಟ್’ ಉಂಟಾಗುತ್ತದೆ. ಆರೋಗ್ಯವಂತ ವಸಡಿನಲ್ಲಿ ಈ ಸಂದಿನ ಆಳ ಸಾಮಾನ್ಯವಾಗಿ 1ರಿಂದ 3 ಮಿ.ಮೀ. ಇರುತ್ತದೆ, 4 ಮಿ.ಮೀ. ಮತ್ತು ಅದಕ್ಕೂ ಹೆಚ್ಚಿನ ಆಳವನ್ನು ರೋಗಸೂಚಕವೆಂದು ಪರಿಶೀಲಿಸಲಾಗುತ್ತದೆ. ಕಳೆದುಹೋದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಕೊನೆಯ ಹಂತದಲ್ಲಿ ಹುಳುಕಿಲ್ಲದ ಹಲ್ಲುಗಳೂ ಅಲುಗಾಡಿ ಬೀಳುತ್ತವೆ. ಬಹಳ ಕಾಲ ನೋವಿಲ್ಲದೆ ಮುಂದುವರಿಯುವುದರಿಂದ ಅನೇಕರು ಹಲ್ಲು ಸಡಿಲವಾದ ಮೇಲೆಯೇ ವೈದ್ಯರ ಬಳಿ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ತೀವ್ರ ಸ್ವರೂಪದ ಈ ರೋಗ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರನ್ನು ಬಾಧಿಸುತ್ತಿದೆ.

ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ಎಲ್ಲರಲ್ಲಿಯೂ ರೋಗ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಇದಕ್ಕೆ ಪ್ರಸಿದ್ಧ ನಿದರ್ಶನ ಶ್ರೀಲಂಕಾದ ಚಹಾ ತೋಟಗಳ 480 ಪುರುಷ ಕಾರ್ಮಿಕರನ್ನು 1970ರಿಂದ 15 ವರ್ಷ ಅನುಸರಿಸಿದ ಅಧ್ಯಯನ. ದಂತ ಚಿಕಿತ್ಸೆಯಾಗಲಿ ನಿಯಮಿತವಾಗಿ ಹಲ್ಲುಜ್ಜುವ ರೂಢಿಯಾಗಲಿ ಇಲ್ಲದ ಈ ಗುಂಪಿನಲ್ಲಿ ಎಲ್ಲರ ಹಲ್ಲಿನ ಮೇಲೂ ಪಾಚಿ ದಟ್ಟವಾಗಿತ್ತು. ಆದರೂ ಸುಮಾರು 8% ಜನರಲ್ಲಿ ರೋಗ ಅತಿವೇಗವಾಗಿಯೂ, 81% ಜನರಲ್ಲಿ ಮಧ್ಯಮ ಗತಿಯಲ್ಲಿಯೂ ಮುಂದುವರಿಯಿತು. 11% ಜನರಲ್ಲಿ ಜಿಂಜಿವೈಟಿಸ್ ಹಂತವನ್ನು ದಾಟಲಿಲ್ಲ. ತಂಬಾಕು ಸೇವನೆ, ನಿಯಂತ್ರಣವಿಲ್ಲದ ಮಧುಮೇಹ, ಅನುವಂಶೀಯತೆ ಮತ್ತು ದೇಹದ ರೋಗನಿರೋಧಕ ಪ್ರತಿಕ್ರಿಯೆ ಇಂತಹ ವ್ಯತ್ಯಾಸಕ್ಕೆ ಕಾರಣವಾಗುತ್ತವೆ.

## ಪರೀಕ್ಷೆಯಲ್ಲಿ ಹುಡುಕುವ ಬ್ಯಾಕ್ಟೀರಿಯಾಗಳು

ಮನುಷ್ಯರ ಬಾಯಿಯಲ್ಲಿ ನೂರಾರು ಪ್ರಭೇದಗಳ ಬ್ಯಾಕ್ಟೀರಿಯಾಗಳಿವೆ. ಪರೀಕ್ಷೆಗಳು ಇವುಗಳಲ್ಲಿ ಕೆಲವನ್ನು ಮಾತ್ರ ಸೂಚಕಗಳಾಗಿ ಆರಿಸಿಕೊಳ್ಳುತ್ತವೆ.

- ಪೋರ್ಫಿರೊಮೊನಾಸ್ ಜಿಂಜಿವಾಲಿಸ್: ಆಮ್ಲಜನಕವಿಲ್ಲದ ಪರಿಸರದಲ್ಲಿ ಮಾತ್ರ ಬೆಳೆಯುವ ಅವಾಯುವಿಕ ಬ್ಯಾಕ್ಟೀರಿಯಾ. ರಕ್ತ ಸೇರಿಸಿದ ಮಾಧ್ಯಮದಲ್ಲಿ ಕಪ್ಪು ವರ್ಣದ ವಸಾಹತುಗಳನ್ನು ರೂಪಿಸುತ್ತದೆ. ಇದು ಸ್ರವಿಸುವ ಕಿಣ್ವಗಳು ಅಂಗಾಂಶದ ಪ್ರೋಟೀನ್‌ಗಳನ್ನು ಒಡೆಯುತ್ತವೆ.
- ಟ್ಯಾನೆರೆಲ್ಲಾ ಫಾರ್ಸೈಥಿಯಾ: ಬೆಳೆಯಲು ವಿಶೇಷ ಪೋಷಕಾಂಶ ಬೇಡುವ ಅವಾಯುವಿಕ ಬ್ಯಾಕ್ಟೀರಿಯಾ. ಅಮೆರಿಕದ ಬಾಸ್ಟನ್ ಪ್ರದೇಶದ ಫಾರ್ಸೈತ್ ಸಂಸ್ಥೆಯ ಹೆಸರು ಇದಕ್ಕೆ ಬಂದಿದೆ.
- ಟ್ರೆಪೊನೆಮಾ ಡೆಂಟಿಕೋಲಾ: ಸುರುಳಿಯಾಕಾರದ, ಚಲಿಸುವ ಬ್ಯಾಕ್ಟೀರಿಯಾ. ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟ.
- ಅಗ್ರಿಗೇಟಿಬ್ಯಾಕ್ಟರ್ ಆಕ್ಟಿನೊಮೈಸೆಟೆಮ್‌ಕೊಮಿಟಾನ್ಸ್: ಬಿಳಿರಕ್ತಕಣಗಳನ್ನು ಕೊಲ್ಲುವ ಲ್ಯೂಕೊಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಹದಿಹರೆಯದವರಲ್ಲಿ ಬೇಗನೆ ಮೂಳೆ ನಾಶಮಾಡುವ ರೋಗರೂಪದೊಂದಿಗೆ ಇದರ ಸಂಬಂಧ ಗುರುತಿಸಲ್ಪಟ್ಟಿದೆ.
- ಪ್ರೆವೊಟೆಲ್ಲಾ ಇಂಟರ್‌ಮೀಡಿಯಾ ಮತ್ತು ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್: ಪಾಚಿಯ ಸಮುದಾಯ ಬೆಳೆಯುವಾಗ ಮೊದಲಿನ ಮತ್ತು ನಂತರದ ಬ್ಯಾಕ್ಟೀರಿಯಾಗಳ ನಡುವೆ ಕೊಂಡಿಯಂತೆ ವರ್ತಿಸುವ ಗುಂಪಿಗೆ ಸೇರಿವೆ.

1998ರಲ್ಲಿ ಸಿಗ್ಮಂಡ್ ಸೊಕ್ರಾನ್‌ಸ್ಕಿ ಮತ್ತು ಸಹೋದ್ಯೋಗಿಗಳು ಪಾಚಿಯ ಬ್ಯಾಕ್ಟೀರಿಯಾಗಳನ್ನು ಬಣ್ಣಗಳ ಹೆಸರಿನಲ್ಲಿ ಗುಂಪುಗಳಾಗಿ ವಿಂಗಡಿಸಿದರು. ಮೇಲಿನ ಪಟ್ಟಿಯ ಮೊದಲ ಮೂರು ಪ್ರಭೇದಗಳು ಆಳವಾದ ಪಾಕೆಟ್‌ಗಳಲ್ಲಿ ಒಟ್ಟಾಗಿ ಕಂಡುಬರುವುದರಿಂದ ಅವನ್ನು ‘ಕೆಂಪು ಗುಂಪು’ ಎಂದು ಕರೆದರು. ಕೊನೆಯ ಎರಡು ಪ್ರಭೇದಗಳು ‘ಕಿತ್ತಳೆ ಗುಂಪಿ’ಗೆ ಸೇರುತ್ತವೆ.

## ಇತಿಹಾಸ

ಡಚ್ ಸೂಕ್ಷ್ಮದರ್ಶಕ ತಯಾರಕ ಆಂಟನಿ ವಾನ್ ಲೀವೆನ್‌ಹಾಕ್ ತನ್ನ ಹಲ್ಲಿನ ಪಾಚಿಯಲ್ಲಿ ಕಂಡ ಚಲಿಸುವ ಜೀವಿಗಳ ಕುರಿತು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. 1890ರಲ್ಲಿ ವಿಲ್ಲೊಬಿ ಡಿ. ಮಿಲ್ಲರ್ ಬಾಯಿಯ ಸೂಕ್ಷ್ಮಜೀವಿಗಳ ಕುರಿತ ಗ್ರಂಥವನ್ನು ಪ್ರಕಟಿಸಿದನು.

1965ರಲ್ಲಿ ಹ್ಯಾರಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಪ್ರಯೋಗವು ಪಾಚಿ ಮತ್ತು ವಸಡಿನ ಉರಿಯೂತದ ಸಂಬಂಧವನ್ನು ಸ್ಪಷ್ಟಪಡಿಸಿತು. ಆರೋಗ್ಯವಂತರಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದಾಗ 10ರಿಂದ 21 ದಿನಗಳೊಳಗೆ ಎಲ್ಲರಿಗೂ ಜಿಂಜಿವೈಟಿಸ್ ಉಂಟಾಯಿತು; ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಅದು ಮಾಯವಾಯಿತು. 1976ರಲ್ಲಿ ವಾಲ್ಟರ್ ಲೋಶೆ, ಪಾಚಿಯ ಒಟ್ಟು ಪ್ರಮಾಣಕ್ಕಿಂತ ಅದರಲ್ಲಿರುವ ನಿರ್ದಿಷ್ಟ ಬ್ಯಾಕ್ಟೀರಿಯಾಗಳೇ ರೋಗಕ್ಕೆ ಕಾರಣವೆಂಬ ವಾದವನ್ನು ಮಂಡಿಸಿದನು. ನಿರ್ದಿಷ್ಟ ರೋಗಕಾರಕಗಳನ್ನು ಪತ್ತೆಹಚ್ಚುವ ಪರೀಕ್ಷೆಗಳ ಬೆಳವಣಿಗೆಗೆ ಈ ವಾದ ಪ್ರೇರಣೆ ನೀಡಿತು.

ಇತ್ತೀಚಿನ ವಿವರಣೆ ಇದಕ್ಕಿಂತ ಭಿನ್ನವಾಗಿದೆ. ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಸಂಖ್ಯೆಯಲ್ಲಿ ಅಲ್ಪವಾಗಿದ್ದರೂ ದೇಹದ ರಕ್ಷಣಾ ವ್ಯವಸ್ಥೆಯನ್ನು ಅಸ್ತವ್ಯಸ್ತಗೊಳಿಸಿ, ಇಡೀ ಬ್ಯಾಕ್ಟೀರಿಯಾ ಸಮುದಾಯವನ್ನು ರೋಗಕಾರಕವಾಗಿ ಮಾರ್ಪಡಿಸಬಲ್ಲದು ಎಂಬ ‘ಕೀಲುಗಲ್ಲು’ ಸಿದ್ಧಾಂತ 2012ರ ವೇಳೆಗೆ ರೂಪುಗೊಂಡಿತು. ಈ ದೃಷ್ಟಿಯಲ್ಲಿ ರೋಗವೆಂದರೆ ಒಂದು ಬ್ಯಾಕ್ಟೀರಿಯಾದ ಸೋಂಕಲ್ಲ, ಸಮತೋಲನ ತಪ್ಪಿದ ಸಮುದಾಯದ ಪರಿಣಾಮ.

## ಮಾದರಿ ಸಂಗ್ರಹ

ಮಾದರಿ ಪಡೆಯುವ ಹಲ್ಲಿನ ಸುತ್ತ ಹತ್ತಿಯ ಸುರುಳಿಯಿಟ್ಟು ಲಾಲಾರಸ ತಾಗದಂತೆ ಮಾಡಿ, ವಸಡಿನ ಮೇಲ್ಭಾಗದ ಪಾಚಿಯನ್ನು ಮೊದಲು ಒರೆಸಿ ತೆಗೆಯಲಾಗುತ್ತದೆ. ಅನಂತರ ಕ್ರಿಮಿಶುದ್ಧೀಕರಿಸಿದ ಸಣ್ಣ ಕಾಗದದ ಕಡ್ಡಿಯನ್ನು ಪಾಕೆಟ್‌ನ ತಳದವರೆಗೆ ಇಳಿಸಿ ಕೆಲವು ಸೆಕೆಂಡು ಬಿಡುತ್ತಾರೆ, ಅಥವಾ ಕ್ಯುರೆಟ್ ಎಂಬ ಉಪಕರಣದಿಂದ ಪಾಚಿಯನ್ನು ಕೆರೆದು ತೆಗೆಯುತ್ತಾರೆ. ಬಾಯಿಯ ಬೇರೆ ಬೇರೆ ಭಾಗಗಳ ಅತ್ಯಂತ ಆಳದ ಪಾಕೆಟ್‌ಗಳಿಂದ ಪಡೆದ ಮಾದರಿಗಳನ್ನು ಒಂದೇ ಸೀಸೆಯಲ್ಲಿ ಕೂಡಿಸುವ ಪದ್ಧತಿಯೂ ಇದೆ.

ಮಾದರಿಯನ್ನು ಸ್ಕೇಲಿಂಗ್‌ಗೆ ಮುಂಚೆ ತೆಗೆಯಬೇಕೋ ನಂತರವೋ ಎಂಬುದು ಪರೀಕ್ಷೆಯ ಉದ್ದೇಶವನ್ನು ಅವಲಂಬಿಸಿದೆ. ಇತ್ತೀಚೆಗೆ ಪ್ರತಿಜೀವಕ ಸೇವಿಸಿದ್ದರೆ ಅಥವಾ ಔಷಧಯುಕ್ತ ದ್ರವದಿಂದ ಬಾಯಿ ಮುಕ್ಕಳಿಸಿದ್ದರೆ ಫಲಿತಾಂಶ ಬದಲಾಗುವ ಸಾಧ್ಯತೆ ಇರುವುದರಿಂದ ರೋಗಿಯು ಅದನ್ನು ಮೊದಲೇ ತಿಳಿಸಬೇಕಾಗುತ್ತದೆ.

## ಪರೀಕ್ಷಾ ವಿಧಾನಗಳು

### ಸೂಕ್ಷ್ಮದರ್ಶಕ ಪರೀಕ್ಷೆ

ಡಾರ್ಕ್‌ಫೀಲ್ಡ್ ಅಥವಾ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಡಿ ತಾಜಾ ಪಾಚಿಯನ್ನು ನೋಡಿ, ಸುರುಳಿಯಾಕಾರದ ಮತ್ತು ಚಲಿಸುವ ಬ್ಯಾಕ್ಟೀರಿಯಾಗಳ ಪಾಲನ್ನು ಅಂದಾಜು ಮಾಡಲಾಗುತ್ತದೆ. ಫಲಿತಾಂಶ ತಕ್ಷಣ ದೊರೆಯುತ್ತದೆ. ಆದರೆ ಪ್ರಭೇದವನ್ನು ಖಚಿತವಾಗಿ ಹೇಳಲಾಗದು. ಚಲನೆಯಿಲ್ಲದ ಮುಖ್ಯ ರೋಗಕಾರಕಗಳೂ ಗುರುತಿಗೆ ಸಿಗುವುದಿಲ್ಲ.

### ಬ್ಯಾಕ್ಟೀರಿಯಾ ಕೃಷಿ

ಮಾದರಿಯನ್ನು ಹೆಮಿನ್ ಮತ್ತು ವಿಟಮಿನ್ ಕೆ ಬೆರೆಸಿದ ರಕ್ತ ಅಗರ್ ಮಾಧ್ಯಮದ ಮೇಲೆ ಹರಡಿ, ಸಾರಜನಕ 80%, ಇಂಗಾಲದ ಡೈಆಕ್ಸೈಡ್ 10% ಮತ್ತು ಜಲಜನಕ 10% ಇರುವ ಆಮ್ಲಜನಕರಹಿತ ಜಾಡಿ ಅಥವಾ ಕೋಶದಲ್ಲಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇರಿಸಲಾಗುತ್ತದೆ. ವಸಾಹತುಗಳು ಗುರುತಿಸುವಷ್ಟು ಬೆಳೆಯಲು ಒಂದರಿಂದ ಎರಡು ವಾರ ಬೇಕಾಗಬಹುದು. ಬ್ಯಾಕ್ಟೀರಿಯಾ ಯಾವ ಪ್ರತಿಜೀವಕಕ್ಕೆ ಮಣಿಯುತ್ತದೆ ಎಂದು ನೇರವಾಗಿ ಪರೀಕ್ಷಿಸಲು ಸಾಧ್ಯವಾಗುವುದು ಈ ವಿಧಾನದ ದೊಡ್ಡ ಅನುಕೂಲ. ಬ್ಯಾಕ್ಟೀರಿಯಾ ಜೀವಂತವಾಗಿಯೇ ಪ್ರಯೋಗಾಲಯವನ್ನು ತಲುಪಬೇಕಾಗಿರುವುದು ಇದರ ದೊಡ್ಡ ತೊಡಕು.

### ಕಿಣ್ವ ಪರೀಕ್ಷೆ

ಕೆಂಪು ಗುಂಪಿನ ಮೂರೂ ಬ್ಯಾಕ್ಟೀರಿಯಾಗಳು ಟ್ರಿಪ್ಸಿನ್‌ನಂತಹ ಕಿಣ್ವವನ್ನು ಹೊಂದಿವೆ. ಈ ಕಿಣ್ವವು ‘ಬಾನಾ’ ಎಂಬ ಸಂಕ್ಷಿಪ್ತ ಹೆಸರಿನ ಕೃತಕ ರಾಸಾಯನಿಕವನ್ನು ಒಡೆಯುತ್ತದೆ. ರಾಸಾಯನಿಕ ಲೇಪಿಸಿದ ಪಟ್ಟಿಗೆ ಪಾಚಿಯನ್ನು ಹಚ್ಚಿ ಸ್ವಲ್ಪ ಹೊತ್ತು ಬಿಸಿ ಮಾಡಿದಾಗ ನೀಲಿ ಬಣ್ಣ ಮೂಡಿದರೆ ಫಲಿತಾಂಶ ಧನಾತ್ಮಕ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಲೋಶೆಯ ತಂಡ ಇದನ್ನು ಅಭಿವೃದ್ಧಿಪಡಿಸಿತು. ಇದನ್ನು ದಂತ ಚಿಕಿತ್ಸಾಲಯದಲ್ಲಿಯೇ ನಡೆಸಬಹುದು. ಆದರೆ ಮೂರರಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ತಿಳಿಯುವುದಿಲ್ಲ. ಈ ಕಿಣ್ವವಿಲ್ಲದ ಅಗ್ರಿಗೇಟಿಬ್ಯಾಕ್ಟರ್ ಸಂಪೂರ್ಣ ತಪ್ಪಿಹೋಗುತ್ತದೆ.

### ಪ್ರತಿಕಾಯ ಆಧಾರಿತ ಪರೀಕ್ಷೆ

ನಿರ್ದಿಷ್ಟ ಬ್ಯಾಕ್ಟೀರಿಯಾದ ಮೇಲ್ಮೈಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಬಳಸಿ ಎಲೈಸಾ ಅಥವಾ ಇಮ್ಯೂನೊಫ್ಲೋರಸೆನ್ಸ್ ವಿಧಾನದಲ್ಲಿ ಪತ್ತೆಹಚ್ಚಲಾಗುತ್ತದೆ. ಇದಕ್ಕೆ ಬ್ಯಾಕ್ಟೀರಿಯಾ ಜೀವಂತವಾಗಿರಬೇಕಿಲ್ಲ.

### ಡಿಎನ್‌ಎ ವಿಧಾನಗಳು

ಪಿಸಿಆರ್ ಪರೀಕ್ಷೆಯಲ್ಲಿ ಒಂದು ಪ್ರಭೇದಕ್ಕೆ ವಿಶಿಷ್ಟವಾದ ಡಿಎನ್‌ಎ ತುಣುಕನ್ನು, ಸಾಮಾನ್ಯವಾಗಿ 16ಎಸ್ ಆರ್‌ಆರ್‌ಎನ್‌ಎ ವಂಶವಾಹಿಯ ಭಾಗವನ್ನು, ಲಕ್ಷಾಂತರ ಪಟ್ಟು ಹೆಚ್ಚಿಸಿ ಗುರುತಿಸಲಾಗುತ್ತದೆ. ರಿಯಲ್‌ ಟೈಮ್ ಪಿಸಿಆರ್ ಬ್ಯಾಕ್ಟೀರಿಯಾದ ಪ್ರಮಾಣವನ್ನೂ ತಿಳಿಸುತ್ತದೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಪತ್ತೆಯಾಗುವುದರಿಂದ ಮಾದರಿಯ ಸಾಗಣೆ ಸುಲಭ. ಅದೇ ಕಾರಣದಿಂದ, ಚಿಕಿತ್ಸೆಯಾದ ಕೂಡಲೇ ಮಾಡಿದ ಪರೀಕ್ಷೆಯಲ್ಲಿ ಸತ್ತ ಬ್ಯಾಕ್ಟೀರಿಯಾವೂ ಧನಾತ್ಮಕವಾಗಿ ತೋರಬಹುದು. ಪ್ರತಿಜೀವಕಕ್ಕೆ ಮಣಿಯುವಿಕೆಯನ್ನು ಸಾಮಾನ್ಯ ಪಿಸಿಆರ್ ಹೇಳುವುದಿಲ್ಲ. ಒಂದೇ ಬಾರಿಗೆ ಅನೇಕ ಮಾದರಿಗಳಲ್ಲಿ ಹಲವು ಪ್ರಭೇದಗಳನ್ನು ಹುಡುಕುವ ಚೆಕರ್‌ಬೋರ್ಡ್ ವಿಧಾನ 1994ರಲ್ಲಿ ಪ್ರಕಟವಾಯಿತು. ಇಡೀ ಸಮುದಾಯದ ಡಿಎನ್‌ಎಯನ್ನು ಓದುವ ಆಧುನಿಕ ಅನುಕ್ರಮಣ ವಿಧಾನಗಳು ಮುಖ್ಯವಾಗಿ ಸಂಶೋಧನೆಯಲ್ಲಿ ಬಳಕೆಯಲ್ಲಿವೆ.

## ಫಲಿತಾಂಶದ ಅರ್ಥ

ಪರೀಕ್ಷೆಯ ಉಪಯುಕ್ತತೆ ಅದನ್ನು ಯಾರ ಮೇಲೆ ನಡೆಸಲಾಗುತ್ತದೆ ಎಂಬುದನ್ನೂ ಅವಲಂಬಿಸಿದೆ. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ವಿವರಿಸಬಹುದು. ಒಂದು ಪರೀಕ್ಷೆ ರೋಗಿಗಳಲ್ಲಿ 80% ಮಂದಿಯನ್ನು ಸರಿಯಾಗಿ ಧನಾತ್ಮಕವೆಂದೂ, ಆರೋಗ್ಯವಂತರಲ್ಲಿ 80% ಮಂದಿಯನ್ನು ಸರಿಯಾಗಿ ಋಣಾತ್ಮಕವೆಂದೂ ತೋರಿಸುತ್ತದೆ ಎಂದು ಭಾವಿಸೋಣ.

- ದಂತ ಆಸ್ಪತ್ರೆಗೆ ಬಂದ 200 ಜನರಲ್ಲಿ 100 ಮಂದಿಗೆ ರೋಗವಿದ್ದರೆ, 80 ರೋಗಿಗಳೂ 20 ಆರೋಗ್ಯವಂತರೂ ಧನಾತ್ಮಕರಾಗುತ್ತಾರೆ. ಅಂದರೆ ಧನಾತ್ಮಕರಲ್ಲಿ 80% ಜನರಿಗೆ ನಿಜವಾಗಿ ರೋಗವಿದೆ.
- ಹಳ್ಳಿಯ ತಪಾಸಣಾ ಶಿಬಿರಕ್ಕೆ ಬಂದ 200 ಜನರಲ್ಲಿ 20 ಮಂದಿಗೆ ಮಾತ್ರ ರೋಗವಿದ್ದರೆ, 16 ರೋಗಿಗಳೂ 36 ಆರೋಗ್ಯವಂತರೂ ಧನಾತ್ಮಕರಾಗುತ್ತಾರೆ. ಒಟ್ಟು 52 ಧನಾತ್ಮಕರಲ್ಲಿ ರೋಗವಿರುವವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಈ ಕಾರಣದಿಂದ ಜನಸಮೂಹದ ಸಾಮಾನ್ಯ ತಪಾಸಣೆಗೆ ಬ್ಯಾಕ್ಟೀರಿಯಾ ಪರೀಕ್ಷೆ ಸೂಕ್ತವಲ್ಲ. ಅಂತಹ ಕಡೆ ತುದಿಯಲ್ಲಿ 0.5 ಮಿ.ಮೀ. ಗುಂಡಿರುವ, ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಅಳತೆಕಡ್ಡಿಯೇ ಹೆಚ್ಚು ಪ್ರಯೋಜನಕಾರಿ.

ಅಮೆರಿಕ ಮತ್ತು ಯುರೋಪಿನ ತಜ್ಞ ಸಂಘಗಳು 2017ರಲ್ಲಿ ಸಭೆ ಸೇರಿ ರೂಪಿಸಿ, 2018ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಪೆರಿಯೊಡಾಂಟೈಟಿಸ್ ಅನ್ನು ತೀವ್ರತೆಗೆ ಅನುಗುಣವಾಗಿ 1ರಿಂದ 4ರವರೆಗಿನ ಹಂತಗಳಾಗಿ, ಮುಂದುವರಿಯುವ ವೇಗಕ್ಕೆ ಅನುಗುಣವಾಗಿ ಎ, ಬಿ, ಸಿ ದರ್ಜೆಗಳಾಗಿ ವಿಂಗಡಿಸಲಾಗಿದೆ. ದರ್ಜೆ ನಿಗದಿಯಲ್ಲಿ ಧೂಮಪಾನ ಮತ್ತು ಮಧುಮೇಹವನ್ನು ಪರಿಗಣಿಸಲಾಗುತ್ತದೆ. ರೋಗಿಯ ಹಂತ ಅಥವಾ ದರ್ಜೆ ತಿಳಿಯಲು ಬ್ಯಾಕ್ಟೀರಿಯಾ ಪರೀಕ್ಷೆ ಕಡ್ಡಾಯವಲ್ಲ.

## ಚಿಕಿತ್ಸೆಯಲ್ಲಿ ಬಳಕೆ

ಬಹುಪಾಲು ರೋಗಿಗಳಿಗೆ ಮೊದಲ ಚಿಕಿತ್ಸೆ ಒಂದೇ: ವಸಡಿನ ಮೇಲಿನ ಮತ್ತು ಕೆಳಗಿನ ಪಾಚಿ ಹಾಗೂ ಗಾರೆಯನ್ನು ತೆಗೆದು ಬೇರಿನ ಮೇಲ್ಮೈಯನ್ನು ಶುಚಿಗೊಳಿಸುವುದು, ಸರಿಯಾಗಿ ಹಲ್ಲುಜ್ಜುವ ಮತ್ತು ಹಲ್ಲುಸಂದು ಶುಚಿಗೊಳಿಸುವ ಕ್ರಮ ಕಲಿಸುವುದು, ತಂಬಾಕು ಬಿಡಿಸುವುದು. ಪರೀಕ್ಷೆಯಲ್ಲಿ ಯಾವ ಬ್ಯಾಕ್ಟೀರಿಯಾ ಕಂಡುಬಂದರೂ ಈ ಕ್ರಮ ಬದಲಾಗುವುದಿಲ್ಲ.

ಸ್ವಚ್ಛತೆ ಚೆನ್ನಾಗಿದ್ದರೂ ಪಾಕೆಟ್‌ಗಳು ಕಡಿಮೆಯಾಗದಿದ್ದಾಗ, ಚಿಕ್ಕ ವಯಸ್ಸಿನಲ್ಲಿಯೇ ಮೂಳೆ ವೇಗವಾಗಿ ಕರಗುತ್ತಿರುವಾಗ, ಅಥವಾ ಕೃತಕ ದಂತಮೂಲದ ಸುತ್ತ ಸೋಂಕು ಮರುಕಳಿಸುವಾಗ ಪರೀಕ್ಷೆಯನ್ನು ಪರಿಗಣಿಸಲಾಗುತ್ತದೆ. ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಜೋಡಿಯನ್ನು ಅಗ್ರಿಗೇಟಿಬ್ಯಾಕ್ಟರ್ ಸೋಂಕಿಗೆ ಬಳಸುವ ಕ್ರಮವನ್ನು ನೆದರ್‌ಲೆಂಡ್ಸಿನ ಸಂಶೋಧಕರು 1989ರಲ್ಲಿ ವರದಿ ಮಾಡಿದರು. ಪ್ರತಿಜೀವಕಗಳನ್ನು ಬೇರು ಶುಚಿಗೊಳಿಸುವ ಚಿಕಿತ್ಸೆಯ ಜೊತೆಗೆ ಮಾತ್ರ ನೀಡಲಾಗುತ್ತದೆ. ಪಾಚಿಯ ಪದರದೊಳಗಿನ ಬ್ಯಾಕ್ಟೀರಿಯಾಗಳನ್ನು ಔಷಧ ಸುಲಭವಾಗಿ ತಲುಪದು. ಅಗತ್ಯವಿಲ್ಲದೆ ಬಳಸಿದರೆ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ.

ವಸಡುರೋಗಕ್ಕೂ ಮಧುಮೇಹ, ಹೃದ್ರೋಗ, ಸಂಧಿವಾತ ಮುಂತಾದವಕ್ಕೂ ಇರುವ ಸಂಬಂಧ ಅಧ್ಯಯನದ ವಿಷಯವಾಗಿದೆ. ಆದರೆ ವಸಡಿನ ಬ್ಯಾಕ್ಟೀರಿಯಾ ಪರೀಕ್ಷೆಯಿಂದ ಈ ಕಾಯಿಲೆಗಳನ್ನು ನಿರ್ಣಯಿಸಲಾಗದು.

## ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿ ನಗರದಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. 1916ರಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆಯ ವಿಶ್ವನಾಥ ಕತ್ತಿ ದಂತ ವಿಜ್ಞಾನ ಸಂಸ್ಥೆ 1985ರಲ್ಲಿ ಆರಂಭವಾಯಿತು. ಮತ್ತೊಂದು, ಮರಾಠಾ ಮಂಡಳದ ನಾಥಾಜಿರಾವ್ ಜಿ. ಹಲಗೇಕರ ದಂತ ವಿಜ್ಞಾನ ಸಂಸ್ಥೆ ಮತ್ತು ಸಂಶೋಧನಾ ಕೇಂದ್ರ. ಎರಡನೆಯ ಸಂಸ್ಥೆಯ ಅಣುಜೀವಶಾಸ್ತ್ರ ಮತ್ತು ರೋಗನಿರೋಧಶಾಸ್ತ್ರ ವಿಭಾಗವು ಬಾಯಿಯ ಅವಾಯುವಿಕ ಬ್ಯಾಕ್ಟೀರಿಯಾಗಳ ಕೃಷಿ ಮತ್ತು ಪಿಸಿಆರ್ ಕಾರ್ಯಕ್ಕೆ ಹೆಸರಾಗಿದೆ. ಬೇರೆ ಊರುಗಳ ದಂತ ಕಾಲೇಜುಗಳ ಅನೇಕ ಸಂಶೋಧನಾ ಪ್ರಬಂಧಗಳಲ್ಲಿ ಮಾದರಿಗಳನ್ನು ಈ ವಿಭಾಗದಲ್ಲಿ ಪರೀಕ್ಷಿಸಲಾಯಿತೆಂಬ ಉಲ್ಲೇಖ ದೊರೆಯುತ್ತದೆ. ನಗರದ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದುದರಿಂದ ಹಳೆಯ ಪ್ರಬಂಧಗಳಲ್ಲಿ ಊರಿನ ಹೆಸರು ‘ಬೆಳಗಾಂ’ ಎಂದಿರುತ್ತದೆ.

ಖಾನಾಪುರವು ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಮಲಪ್ರಭಾ ನದಿಯ ದಂಡೆಯಲ್ಲಿರುವ ತಾಲ್ಲೂಕು ಕೇಂದ್ರ. ತಾಲ್ಲೂಕಿನ ಪಶ್ಚಿಮ ಭಾಗ ಪಶ್ಚಿಮ ಘಟ್ಟದ ದಟ್ಟ ಕಾಡು ಮತ್ತು ಭಾರಿ ಮಳೆಯ ಪ್ರದೇಶ. ಲೋಂಡಾ ಕಡೆಯವರು ಖಾನಾಪುರದ ಮೂಲಕ ಬೆಳಗಾವಿಗೆ ಬಂದರೆ, ಕಣಕುಂಬಿ ಮತ್ತು ಜಾಂಬೋಟಿ ಕಡೆಯವರಿಗೆ ಚೋರ್ಲಾ ಘಟ್ಟದ ರಸ್ತೆ ನೇರವಾಗಿ ಬೆಳಗಾವಿಗೆ ಒದಗುತ್ತದೆ. ಇಂತಹ ಭೂಪ್ರದೇಶದಲ್ಲಿ ಪರೀಕ್ಷಾ ವಿಧಾನದ ಆಯ್ಕೆಗೆ ಸಾಗಣೆಯೂ ಒಂದು ಮಾನದಂಡವಾಗುತ್ತದೆ. ಕೃಷಿ ಪರೀಕ್ಷೆಗೆ ಮಾದರಿಯನ್ನು ಆಮ್ಲಜನಕ ಕಳೆದ ಸಾಗಣೆ ದ್ರವದಲ್ಲಿ ಮುಳುಗಿಸಿ ಆದಷ್ಟು ಬೇಗ, ಸಾಧ್ಯವಾದರೆ ಅದೇ ದಿನ, ಪ್ರಯೋಗಾಲಯಕ್ಕೆ ತಲುಪಿಸಬೇಕು. ತಡವಾದಷ್ಟೂ ಸೂಕ್ಷ್ಮ ಬ್ಯಾಕ್ಟೀರಿಯಾಗಳು ಸತ್ತು, ಇದ್ದ ಬ್ಯಾಕ್ಟೀರಿಯಾವೂ ಇಲ್ಲವೆಂದು ವರದಿಯಾಗಬಹುದು. ಪಿಸಿಆರ್ ಮಾದರಿಗೆ ಈ ಆತುರವಿಲ್ಲ. ಬಾನಾ ಪಟ್ಟಿಗೆ ಪ್ರಯಾಣವೇ ಬೇಕಿಲ್ಲ.

ಈ ಭಾಗದಲ್ಲಿ ತಂಬಾಕಿನ ಅಂಶವನ್ನು ಪ್ರತ್ಯೇಕವಾಗಿ ಗಮನಿಸಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಂಬಾಕು ವ್ಯಾಪಾರಕ್ಕೆ ಪ್ರಸಿದ್ಧ. ಬೀಡಿ, ಗುಟ್ಕಾ, ಜಗಿಯುವ ತಂಬಾಕಿನ ಜೊತೆಗೆ, ಸುಟ್ಟು ಪುಡಿಮಾಡಿದ ತಂಬಾಕಿನಿಂದ ಹಲ್ಲುಜ್ಜುವ ರೂಢಿಯೂ ಮಹಾರಾಷ್ಟ್ರ ಮತ್ತು ಗಡಿ ಭಾಗಗಳಲ್ಲಿದೆ. ಈ ಪುಡಿಯನ್ನು ಮಿಶ್ರಿ ಅಥವಾ ಮಶೇರಿ ಎನ್ನುತ್ತಾರೆ. ಧೂಮಪಾನಿಗಳಲ್ಲಿ ವಸಡಿನ ರಕ್ತಸ್ರಾವ ಕಡಿಮೆಯಾಗಿ ಕಾಣುವುದರಿಂದ ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ವಸಡು ಆರೋಗ್ಯವಾಗಿರುವಂತೆ ತೋರಬಹುದು. ಇಂತಹ ರೋಗಿಯಲ್ಲಿ ತಂಬಾಕು ಮುಂದುವರಿದರೆ, ಬ್ಯಾಕ್ಟೀರಿಯಾ ಪತ್ತೆಯಾಗಿ ಔಷಧ ನೀಡಿದರೂ ಚಿಕಿತ್ಸೆಯ ಫಲ ಕುಂದುತ್ತದೆ.

ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತ ದಂತಪಂಕ್ತಿ ಒದಗಿಸುವ ‘ದಂತ ಭಾಗ್ಯ’ ಯೋಜನೆಯನ್ನು ಕರ್ನಾಟಕ ಸರ್ಕಾರ ಜಾರಿಗೆ ತಂದಿದೆ. ಅದು ಹಲ್ಲು ಕಳೆದುಕೊಂಡ ನಂತರದ ನೆರವು. ಹಲ್ಲು ಉಳಿಸಿಕೊಳ್ಳುವ ಹಂತದಲ್ಲಿ ಪ್ರಯೋಗಾಲಯದ ವರದಿಗಿಂತ ಮೊದಲು ಬೇಕಾಗುವುದು ವಸಡಿನಿಂದ ರಕ್ತ ಕಂಡಾಗಲೇ ಮಾಡಿಸಿಕೊಳ್ಳುವ ದಂತ ತಪಾಸಣೆ. ಬ್ಯಾಕ್ಟೀರಿಯಾ ಪರೀಕ್ಷೆಯ ಅಗತ್ಯವನ್ನು ಆ ತಪಾಸಣೆಯ ನಂತರ ತಜ್ಞರು ನಿರ್ಧರಿಸುತ್ತಾರೆ.

## ಇವನ್ನೂ ನೋಡಿ

- ಹಲ್ಲು
- ಲಾಲಾರಸ
- ಬ್ಯಾಕ್ಟೀರಿಯಾ
- ಪ್ರತಿಜೀವಕ
- ಬೆಳಗಾವಿ
- ಖಾನಾಪುರ